ಮೂರನೆಯ ತಿರುವಿನ ತುದಿಸಾಲಿನಲ್ಲಿ ಹಳದಿ ಬಟ್ಟೆ ಬೀಸುವ ಕುರಿತು

ತೀರ್ಪು ಮತ್ತು ಸುರಕ್ಷತಾ ಇಲಾಖೆ
ಬ್ರಷಿ ಫೋರ್ಕ್ ಸ್ಪೀಡ್‌ವೇ ಕಾರು ಓಟದ ಮೈದಾನ, ಉತ್ತರ ಕರೋಲಿನಾ

ಸಂಖ್ಯೆ: ತೀಸುಇ/ಹಳದಿ/ತಿರುವು-3/ಪರಿಷ್ಕೃತ

ಸುತ್ತೋಲೆ

ವಿಷಯ: ಪ್ರೇಕ್ಷಕರು ಅಧಿಕಾರಿಗಳಿಗಿಂತ ಮೊದಲು ಅಪಘಾತಗಳನ್ನು ಕಾಣುತ್ತಿರುವ ಬಗ್ಗೆ.

ಉಲ್ಲೇಖ: (1) ಇದೇ ವಿಷಯದ ಹಿಂದಿನ ಸುತ್ತೋಲೆ, ಯಾರೂ ಓದದಿರುವುದು.
(2) ಮೂರನೆಯ ತಿರುವಿನ ಕಾವಲು ಹುದ್ದೆಯನ್ನು ಮಿತವ್ಯಯದ ದೃಷ್ಟಿಯಿಂದ ಖಾಲಿ ಬಿಟ್ಟ ಆದೇಶ.
(3) ಮಿಸ್ ವರ್ನೆಲ್ ಶೂಫರ್ಡ್ ಅವರ ಬಟ್ಟೆ.

ಪ್ರಸ್ತಾವನೆ:

ತಾನು ಮೊದಲು ಕಂಡದ್ದು ಅಡ್ಡ ನಿಂತ ಕಾರನ್ನೋ, ಅದರ ಮೇಲ್ಗಡೆ ಬೆಂಚಿನ ಸಾಲಿನಲ್ಲಿ ಎದ್ದು ನಿಂತವರ ಕೈಯ ಬಟ್ಟೆಯನ್ನೋ? ಕಾರನ್ನೇ ಇರಬೇಕು. ಆದರೆ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ಟೈರಿನ ಹೊಗೆ ಇತ್ತು. ನಡುವೆ ಆಂಬುಲೆನ್ಸ್ ಇತ್ತು. ಹಾಗಿದ್ದರೆ ಕಾರು ಕಂಡದ್ದಾದರೂ ಹೇಗೆ?

ಮೇಲ್ಕಂಡ ಸ್ವರೂಪದ ಸಂದೇಹವೊಂದು ಮುಖ್ಯ ಬಾವುಟಗಾರರಾದ ಶ್ರೀ ಹಾಯ್ಟ್ ಡೆಲಿಂಜರ್ ಅವರ ಮನಸ್ಸಿನಲ್ಲಿ ಇತ್ತೀಚೆಗೆ ವಾಸವಾಗಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಪ್ರತಿ ಓಟಕ್ಕೂ ಹಸಿರು ಬಾವುಟ ಬೀಸುವ ಮುನ್ನ ಅವರು ಮೂರನೆಯ ತಿರುವಿನತ್ತ ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡುತ್ತಿರುವುದರಿಂದ ಇದು ಖಚಿತಪಟ್ಟಿದೆ. ಸಂದೇಹಪಡುವುದು ಸದರಿ ಹುದ್ದೆಯ ಕರ್ತವ್ಯಗಳಲ್ಲಿ ಸೇರಿರುವುದಿಲ್ಲ.

ಸಂಗತಿ ಹೀಗಿದೆ. ಎರಡು ಶನಿವಾರಗಳ ಹಿಂದೆ, ಸಂಜೆ ಬಿಸಿಲಿನಲ್ಲಿ ನಡೆದ ಓಟದಲ್ಲಿ, ಡ್ವೇನ್ ಹೆಫ್ನರ್ ಎಂಬ ಚಾಲಕರ ಕಾರು ಮೂರನೆಯ ತಿರುವಿನಲ್ಲಿ ಗಿರಕಿ ಹೊಡೆದು, ಗೋಡೆಗೆ ತಾಗಿ, ಟ್ರ್ಯಾಕಿಗೆ ಅಡ್ಡಲಾಗಿ ನಿಂತುಬಿಟ್ಟಿತು. ಚಾಲಕರು ಕುಳಿತಿದ್ದ ಬದಿಯೇ ಬರುವ ಕಾರುಗಳಿಗೆ ಎದುರಾಗಿತ್ತು. ಹಿಂದಿನಿಂದ ಇಡೀ ಗುಂಪು ಬರುತ್ತಿತ್ತು. ಇಂಥ ವೇಳೆಯಲ್ಲಿ ಹಳದಿ ಬಾವುಟ ಬೀಸಿ ಎಲ್ಲರನ್ನೂ ನಿಧಾನಗೊಳಿಸುವುದು ಮುಖ್ಯ ಬಾವುಟಗಾರರ ಕೆಲಸ. ಅವರ ಗೂಡು ಮೈದಾನದ ಈಚೆ ಬದಿಗಿದೆ. ಆಚೆ ಬದಿಯ ಮೂರನೆಯ ತಿರುವಿನಲ್ಲಿ ನಿಂತು ಅವರಿಗೆ ಸುದ್ದಿ ಮುಟ್ಟಿಸಬೇಕಾದ ಕಾವಲುಗಾರರ ಹುದ್ದೆ ಉಲ್ಲೇಖ (2)ರ ಪ್ರಕಾರ ಖಾಲಿ ಇದೆ. ಆಗ ಆ ತಿರುವಿನ ಮೇಲಿನ ಹಳೆಯ ಮರದ ಬೆಂಚುಗಳ ತುದಿಸಾಲಿನಲ್ಲಿ ಕುಳಿತಿದ್ದ, ನಿವೃತ್ತ ಶಾಲಾ ಬಸ್ ಚಾಲಕಿ ಮಿಸ್ ವರ್ನೆಲ್ ಶೂಫರ್ಡ್ ಎಂಬವರು ಎದ್ದು ನಿಂತು, ತಮ್ಮ ತಿಂಡಿಬುಟ್ಟಿಯ ಮೇಲೆ ಹೊದಿಸಿದ್ದ ಅಡುಗೆಮನೆಯ ಹಳದಿ ಬಟ್ಟೆಯನ್ನು ತಲೆಯ ಮೇಲೆ ಬೀಸಿದರು. ಕಾರುಗಳೆಲ್ಲ ನಿಧಾನಿಸಿದವು. ಹಳದಿ ಬಾವುಟವೂ ಬೀಸಲ್ಪಟ್ಟಿತು. ಯಾರಿಗೂ ಏನೂ ಆಗಲಿಲ್ಲ.

ಇದನ್ನು ಗಂಭೀರ ಲೋಪವೆಂದು ಪರಿಗಣಿಸಲಾಗಿದೆ. ತತ್ಸಂಬಂಧವಾಗಿ ಸಮಸ್ತ ಪ್ರೇಕ್ಷಕರು, ಚಾಲಕರು ಹಾಗೂ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಯಾವುದೇ ಪ್ರೇಕ್ಷಕರು ಯಾವುದೇ ಅಪಘಾತವನ್ನು ಅಧಿಕಾರಿಗಳಿಗಿಂತ ಮೊದಲು ಕಾಣತಕ್ಕದ್ದಲ್ಲ. ಅಕಸ್ಮಾತ್ ಕಂಡಲ್ಲಿ, ಅಧಿಕಾರಿಗಳು ಕಾಣುವವರೆಗೆ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕಾಯತಕ್ಕದ್ದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚಾಲಕರ ರೇಡಿಯೋ ಮಾತುಗಳನ್ನು ಕೇಳುವ ಹವ್ಯಾಸವುಳ್ಳವರು, ಮುಂಚೆಯೇ ತಿಳಿದ ಸಂಗತಿಯನ್ನು ಧ್ವನಿವರ್ಧಕದಲ್ಲಿ ಪ್ರಕಟಿಸಿದಾಗ ಆಶ್ಚರ್ಯಪಡತಕ್ಕದ್ದು. ಆಶ್ಚರ್ಯವು ದೂರದಿಂದ ಕಾಣುವಂತಿರಬೇಕು.

2. ಪ್ರೇಕ್ಷಕರ ಬೆಂಚುಗಳಲ್ಲಿ ಹಳದಿ ಬಣ್ಣವನ್ನು ಈ ಮೂಲಕ ನಿಷೇಧಿಸಲಾಗಿದೆ. ನಿಷೇಧವು ಬಟ್ಟೆ, ಛತ್ರಿ ಮತ್ತು ಟೊಪ್ಪಿಗಳಿಗೆ ಅನ್ವಯಿಸುತ್ತದೆ. ಹಾಟ್‌ಡಾಗ್ ಮೇಲಿನ ಸಾಸಿವೆ ಗೊಜ್ಜನ್ನು ಬನ್ನಿನ ಒಳಗೆ, ಹೊರಗೆ ಕಾಣದಂತೆ ಹಚ್ಚಿಕೊಳ್ಳತಕ್ಕದ್ದು. ನಿಂಬೆ ಪಾನಕವನ್ನು ಮುಚ್ಚಳವಿರುವ ಲೋಟದಲ್ಲಿ ಕುಡಿಯತಕ್ಕದ್ದು. ಬಾಳೆಹಣ್ಣಿನ ಪುಡಿಂಗ್ ತಿನ್ನುವವರು ಚಮಚವನ್ನು ಗಲ್ಲದಿಂದ ಮೇಲಕ್ಕೆ ಎತ್ತಬಾರದಾಗಿದ್ದು, ಅನಿವಾರ್ಯವಾದಲ್ಲಿ ತಲೆಯನ್ನೇ ಬಗ್ಗಿಸತಕ್ಕದ್ದು. ಹುಟ್ಟಿನಿಂದಲೇ ಹಳದಿ ಕೂದಲುಳ್ಳವರಿಗೆ ದ್ವಾರದಲ್ಲಿ ಬೂದು ಬಣ್ಣದ ಟೊಪ್ಪಿಗಳನ್ನು ಎರವಲು ನೀಡಲಾಗುವುದು. ಮೂರನೆಯ ತಿರುವಿನ ಹಿಂದೆ ಪ್ರತಿ ಸಂಜೆ ಇಳಿಯುವ ಸೂರ್ಯನ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

3. ಟ್ರ್ಯಾಕಿನ ಮೇಲೆ ಬೀಳುವ ಕಸದ ವಿಚಾರ. ಓಟದಲ್ಲಿ ಒಬ್ಬರೇ ಬಹಳ ಮುಂದೆ ಹೋಗಿ, ಪ್ರೇಕ್ಷಕರು ಎದ್ದು ತಿಂಡಿ ಅಂಗಡಿಯತ್ತ ಹೊರಟಾಗ, ಟ್ರ್ಯಾಕಿನಲ್ಲಿ ಕಸ ಕಾಣಿಸಿಕೊಳ್ಳುವುದು ಸಹಜ. ಆಗ ಹಳದಿ ಬಾವುಟ ಬೀಸಿ, ಎಲ್ಲ ಕಾರುಗಳನ್ನೂ ಒಟ್ಟಿಗೆ ತಂದು, ಓಟವನ್ನು ಪುನಃ ಆರಂಭಿಸಲಾಗುತ್ತದೆ. ಈ ಕಸವು ಇಲಾಖೆಗೆ ಮಾತ್ರ ಕಾಣುವಂಥದ್ದು. ಪ್ರೇಕ್ಷಕರು ಅದನ್ನು ತೋರಿಸಿರೆಂದು ಕೇಳತಕ್ಕದ್ದಲ್ಲ. ಕಳೆದ ತಿಂಗಳು ಇಂಥ ಕಸವೊಂದು ಹಾಟ್‌ಡಾಗ್ ಸುತ್ತುವ ಕಾಗದವೆಂದು ರುಜುವಾತಾದದ್ದು ಇಲಾಖೆಗೆ ಹೆಮ್ಮೆಯ ವಿಷಯವಾಗಿದ್ದು, ಸದರಿ ಕಾಗದವನ್ನು ಕಚೇರಿಯಲ್ಲಿ ಗಾಜಿನ ಚೌಕಟ್ಟಿನಲ್ಲಿ ಇಡಲಾಗಿದೆ.

4. ಆಂಬುಲೆನ್ಸ್ ತಪ್ಪು ಜಾಗದಲ್ಲಿ ನಿಲ್ಲುತ್ತಿದೆ ಎಂಬ ದೂರನ್ನು ಪರಿಶೀಲಿಸಲಾಯಿತು. ಅದು ನಿಲ್ಲುವ ಜಾಗ ನೆರಳಿನಲ್ಲಿದೆ, ಬೇಯಿಸಿದ ಕಡಲೆಕಾಯಿಯ ಅಂಗಡಿಗೆ ಹತ್ತಿರವಿದೆ, ಮತ್ತು ಅದರೊಳಗಿನವರಿಗೆ ಓಟ ಚೆನ್ನಾಗಿ ಕಾಣುತ್ತದೆ. ಅದರಿಂದಾಗಿ ಮುಖ್ಯ ಬಾವುಟಗಾರರಿಗೆ ಮೂರನೆಯ ತಿರುವು ಕಾಣುವುದಿಲ್ಲ ಎಂಬುದು ನಿಜ. ಆದರೆ ಅಲ್ಲಿ ಏನಾದರೂ ಆದಲ್ಲಿ ಆಂಬುಲೆನ್ಸ್ ಹೇಗೂ ಅತ್ತ ಹೊರಡುವುದರಿಂದ, ಆಮೇಲೆ ಕಾಣುತ್ತದೆ.

5. ಮರದ ಬೆಂಚುಗಳಿಂದ ಅಧಿಕಾರಿಗಳನ್ನು ಉದ್ದೇಶಿಸಿ ಆಡಲಾಗುವ ಮಾತುಗಳನ್ನು ಸಿಬ್ಬಂದಿಯೊಬ್ಬರು ಸಾಮಾನ್ಯ ಉಡುಪಿನಲ್ಲಿ ಕುಳಿತು ಬರೆದುಕೊಂಡಿರುತ್ತಾರೆ. ಮಾದರಿಗಾಗಿ:

“ಹಾಯ್ಟ್, ಮಗಾ, ಆ ಬಾವುಟ ಏನು ಇಸ್ತ್ರಿಗೆ ಕೊಟ್ಟಿದ್ಯಾ?” (ಮಿಸ್ ವರ್ನೆಲ್ ಶೂಫರ್ಡ್.)

“ಕಾಗದ ಬಿದ್ರೆ ಹಳದಿ ಬಾವುಟ, ಮನುಷ್ಯ ಬಿದ್ರೆ ಮೀಟಿಂಗು.” (ಗುರುತು ಪತ್ತೆಯಾಗಿಲ್ಲ. ಸುತ್ತಲಿನವರೆಲ್ಲ ತಾವೇ ಅಂದದ್ದೆಂದು ಒಪ್ಪಿಕೊಂಡಿದ್ದಾರೆ.)

“ಪಾಪ, ಸಾಹೇಬ್ರಿಗೆ ಕಣ್ಣು ಕಾಣಲ್ಲ ಅಂತಲ್ಲ ಕಣಪ್ಪ, ಅವ್ರು ನೋಡ್ತಿರೋದು ಟಿಕೆಟ್ ಕೌಂಟರ್ ಕಡೆ.” (ಬರೆದುಕೊಂಡ ಸಿಬ್ಬಂದಿಯ ಮಾವನವರು.)

ಇನ್ನು ಮುಂದೆ ಇಂಥ ಮಾತುಗಳನ್ನು ಆಡಬಯಸುವವರು ಓಟ ಆರಂಭವಾಗುವುದಕ್ಕೆ ಮುಂಚೆಯೇ ಆಡಿ ಮುಗಿಸತಕ್ಕದ್ದು. ಮಿಸ್ ವರ್ನೆಲ್ ಅವರು ಮುಖ್ಯ ಬಾವುಟಗಾರರನ್ನು ಬೈಯುತ್ತ ಬಂದಿರುವುದು ಇಂದು ನಿನ್ನೆಯಿಂದಲ್ಲವೆಂದೂ, ಹಾಗೆ ಬೈಸಿಕೊಳ್ಳದ ಶನಿವಾರ ಬಾವುಟಗಾರರು ಮನೆಗೆ ಹೋಗಿ ಸರಿಯಾಗಿ ಊಟ ಮಾಡುವುದಿಲ್ಲವೆಂದೂ ಬಾವುಟಗಾರರ ಪತ್ನಿ ತಿಳಿಸಿದ್ದು, ಅದನ್ನು ಪರಿಗಣಿಸಿರುವುದಿಲ್ಲ.

6. ಚಾಲಕರು ಅನಧಿಕೃತ ಬಟ್ಟೆಗೆ ಏಕೆ ನಿಧಾನಿಸಿದರು ಎಂಬ ಬಗ್ಗೆ ವಿಚಾರಣೆ ನಡೆಸಲಾಯಿತು. ಅಂದು ಎಲ್ಲರಿಗಿಂತ ಮುಂದಿದ್ದ ಶ್ರೀ ಟ್ರಾವಿಸ್ ಯೌಂಟ್ ಎಂಬ ಚಾಲಕರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ:

“ಮಿಸ್ ವರ್ನೆಲ್ ಎದ್ದು ನಿಂತ್ರು ಸಾರ್. ಅವ್ರು ಎದ್ದು ನಿಂತ್ರೆ ಮುಂದೆ ಏನೋ ಇದೆ ಅಂತ. ತೆಪ್ಪಗೆ ಕೂತ್ಕೋಬೇಕು, ಬಾಯಿ ಮುಚ್ಕೋಬೇಕು. ಬಸ್ಸಲ್ಲಿ ನಾವೆಲ್ಲ ಕಲ್ತಿದ್ದು ಅದೇ. ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು.”

ಮಿಕ್ಕ ಚಾಲಕರ ಹೇಳಿಕೆಗಳೂ ಇದೇ ತೆರನಾಗಿವೆ. ಸುತ್ತಲಿನ ಹಳ್ಳಿಗಳ ಮಕ್ಕಳೆಲ್ಲ ಮಿಸ್ ವರ್ನೆಲ್ ಅವರ ಹಳದಿ ಬಸ್ಸಿನಲ್ಲೇ ಶಾಲೆಗೆ ಹೋದವರೆಂದೂ, ಅವರ ಬಸ್ಸು ನಿಂತರೆ ಕಾನೂನಿನ ಪ್ರಕಾರ ರಸ್ತೆಯ ವಾಹನಗಳೆಲ್ಲ ನಿಲ್ಲಬೇಕಾಗಿತ್ತೆಂದೂ, ಈಗ ಓಟಕ್ಕೆ ಬರುವ ಚಾಲಕರಲ್ಲಿ ಹೆಚ್ಚಿನವರು ಆ ಮಕ್ಕಳೇ ಎಂದೂ ತಿಳಿದುಬಂದಿದೆ. ಆದ್ದರಿಂದ ಇನ್ನು ಮುಂದೆ ಹೊಸದಾಗಿ ಪರವಾನಗಿ ಕೋರುವ ಚಾಲಕರು ಶಾಲೆಗೆ ನಡೆದುಕೊಂಡು ಹೋದವರಾಗಿರತಕ್ಕದ್ದು.

ವಿಚಾರಣೆಯ ವೇಳೆ ಮಿಸ್ ವರ್ನೆಲ್ ಅವರು ಇಲಾಖೆಗೇ ಒಂದು ಪ್ರಶ್ನೆ ಹಾಕಿದರು. “ನನ್ನ ಬಸ್ಸಲ್ಲಿ ಒಂದು ಮಗೂಗೂ ತರಚು ಗಾಯ ಕೂಡ ಆಗಿಲ್ಲ. ಇಲ್ಲಿ ಇಷ್ಟು ಜನ ದೊಡ್ಡೋರು ಮೇಜಿನ ಹಿಂದೆ ಕೂತಿದ್ದೀರಿ. ಆ ಮೂಲೇಲಿ ಒಬ್ಬನ್ನ ನಿಲ್ಲಿಸೋಕೆ ಆಗಲ್ವೇನಪ್ಪಾ?” ಪ್ರಶ್ನೆಯು ವಿಷಯಕ್ಕೆ ಸಂಬಂಧಪಡದ ಕಾರಣ ದಾಖಲಿಸಿರುವುದಿಲ್ಲ.

7. ಮೌನದ ಬಗ್ಗೆ. ಅಪಘಾತವಾದ ಕಾರಿನ ಚಾಲಕರು ತಮಗೇನೂ ಆಗಿಲ್ಲವೆಂದು ತಿಳಿಸಲು ತಮ್ಮ ಬದಿಯ ಕಿಟಕಿಯ ಬಲೆಯನ್ನು ಕೆಳಕ್ಕೆ ಇಳಿಸುವುದು ರೂಢಿ. ಅಂದು ಡ್ವೇನ್ ಹೆಫ್ನರ್ ಅವರ ಕಿಟಕಿಯ ಬಲೆ ಇಳಿಯುವುದು ತಡವಾಯಿತು. ಅಷ್ಟು ಹೊತ್ತು ಇಡೀ ಮೈದಾನ ಸುಮ್ಮನಿತ್ತು. ಧ್ವನಿವರ್ಧಕದವರು ಮಾತು ನಿಲ್ಲಿಸಿದ್ದರು. ಕಡಲೆಕಾಯಿ ಬೇಯಿಸುವವರು ಜಾಲರಿ ಸೌಟನ್ನು ಎತ್ತಿ ಹಿಡಿದವರು ಹಾಗೆಯೇ ನಿಂತಿದ್ದರು. ನೀರು ಸೋರಿ ಮುಗಿದಿತ್ತು. ಕೈಕೂಸುಗಳು ಕೂಡ ಅಳಲಿಲ್ಲವೆಂದು ಸಿಬ್ಬಂದಿ ಬರೆದುಕೊಂಡಿದ್ದಾರೆ. ತುದಿಸಾಲಿನಲ್ಲಿ ಮಿಸ್ ವರ್ನೆಲ್ ಅವರು ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಬಾವುಟದ ಗೂಡಿನಲ್ಲಿ ಶ್ರೀ ಡೆಲಿಂಜರ್ ಅವರು ಬಾವುಟ ಬೀಸುವುದನ್ನು ಮರೆತು ಅದನ್ನು ಸುಮ್ಮನೆ ಹಿಡಿದುಕೊಂಡಿದ್ದರು. ಆಮೇಲೆ ಬಲೆ ಇಳಿಯಿತು.

ಈ ಮೌನವನ್ನು ಇಲಾಖೆಯು ಆದೇಶಿಸಿರಲಿಲ್ಲ. ಅದು ಯಾರ ಅನುಮತಿಯಿಂದ ಉಂಟಾಯಿತು ಎಂಬುದು ತಿಳಿದುಬಂದಿಲ್ಲ. ಇನ್ನು ಮುಂದೆ ಮೌನ ಬೇಕಾದವರು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

8. ಮೊದಲು ಬೀಸಿದ್ದು ಬಾವುಟವೋ, ಬಟ್ಟೆಯೋ ಎಂಬುದು ವಿಚಾರಣೆಯ ಮುಖ್ಯಾಂಶವಾಗಿತ್ತು. ಬಟ್ಟೆ ಮೊದಲೆಂದಾದಲ್ಲಿ, ಬಾವುಟ ತಡವಾದ ಕಾರಣಕ್ಕೆ ಶ್ರೀ ಡೆಲಿಂಜರ್ ಅವರು ಹುದ್ದೆ ಬಿಡತಕ್ಕದ್ದೆಂದೂ, ಬಾವುಟ ಮೊದಲೆಂದಾದಲ್ಲಿ, ಅನವಶ್ಯಕವಾಗಿ ಬಟ್ಟೆ ಬೀಸಿದ ಕಾರಣಕ್ಕೆ ಮಿಸ್ ವರ್ನೆಲ್ ಅವರು ಆಸನ ಬಿಡತಕ್ಕದ್ದೆಂದೂ ಮುಂಚಿತವಾಗಿ ತೀರ್ಮಾನಿಸಲಾಗಿತ್ತು. ಬಟ್ಟೆ ಬೀಸಿದವರನ್ನು ಕೇಳಲಾಗಿ, “ನಾನು ಟ್ರ್ಯಾಕ್ ನೋಡ್ತಿದ್ದೆ, ಹಾಯ್ಟ್‌ನನ್ನಲ್ಲ” ಎಂದರು. ಶ್ರೀ ಡೆಲಿಂಜರ್ ಅವರನ್ನು ಕೇಳಲಾಗಿ, ಅವರು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು. ಪ್ರಶ್ನೆಯನ್ನು ಮತ್ತೆ ಓದಿ ಹೇಳಲಾಯಿತು. ಟೊಪ್ಪಿ ಇನ್ನೊಂದು ದಿಕ್ಕಿಗೆ ತಿರುಗಿತು. ಮಿಸ್ ವರ್ನೆಲ್ ಅವರು ಎದ್ದು, ತಮಗೆ ಮನೆಯಲ್ಲಿ ಕೆಲಸವಿದೆಯೆಂದೂ, ಈ ಹುಡುಗನನ್ನು ಹೀಗೆ ಕೂರಿಸಿಕೊಂಡು ಕಾಡಬಾರದೆಂದೂ ಹೇಳಿ ಹೊರಟುಹೋದರು. ಸದರಿ ಹುಡುಗರಿಗೆ ಮೊಮ್ಮಕ್ಕಳಿದ್ದಾರೆ.

ಉತ್ತರ ಬಾರದ ಕಾರಣ ಮೌನವನ್ನು ಇಲಾಖೆಯ ಪರವಾಗಿ ದಾಖಲಿಸಿ, ಬಾವುಟವೇ ಮೊದಲೆಂದು ತೀರ್ಮಾನಿಸಿ, ಮಿಸ್ ವರ್ನೆಲ್ ಅವರ ಆಸನವನ್ನು ರದ್ದುಪಡಿಸಲಾಯಿತು. ಬಟ್ಟೆಯನ್ನು ವಶಪಡಿಸಿಕೊಳ್ಳಲಾಯಿತು. ಬದಲಿಗೆ ಶೌಚಾಲಯದ ಹಿಂಭಾಗದಲ್ಲಿ ಒಂದು ಆಸನವನ್ನು ಮಂಜೂರು ಮಾಡಲಾಗಿದ್ದು, ಅಲ್ಲಿಂದ ಓಟ ಕಾಣದಿದ್ದರೂ ಸ್ಪಷ್ಟವಾಗಿ ಕೇಳಿಸುತ್ತದೆ.

9. ಮೇಲಿನ ಕ್ರಮದ ಫಲಿತಾಂಶ. ಕಳೆದ ಶನಿವಾರ ತುದಿಸಾಲಿನ ಆ ಜಾಗ ಖಾಲಿ ಇತ್ತು. ನೂಕುನುಗ್ಗಲಿದ್ದರೂ ಯಾರೂ ಅಲ್ಲಿ ಕೂರಲಿಲ್ಲ. ಅಭ್ಯಾಸದ ಸುತ್ತುಗಳಲ್ಲಿ ಚಾಲಕರೆಲ್ಲರೂ ಮೂರನೆಯ ತಿರುವು ಬಂದಾಗ ತಲೆಯೆತ್ತಿ ಮೇಲೆ ನೋಡಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ನಿಧಾನಿಸಿದರು. ಮುಂದಿನ ಸುತ್ತಿನಲ್ಲಿ ಮತ್ತೆ ನೋಡಿ, ಮತ್ತೆ ನಿಧಾನಿಸಿದರು. ಶವಯಾತ್ರೆಗೆ ಇಷ್ಟು ದುಡ್ಡು ಕೊಟ್ಟು ಬರಬೇಕಿತ್ತೇ ಎಂದು ಪ್ರೇಕ್ಷಕರು ಕೇಳಿದ್ದಾರೆ. ರೇಡಿಯೋದಲ್ಲಿ ವಿವರಣೆ ಕೋರಿದಾಗ ಡ್ವೇನ್ ಹೆಫ್ನರ್ ಅವರು, “ಅಲ್ಲಿ ನಮ್ಮೋರು ಯಾರಾದ್ರೂ ಇದ್ದಾರಾ ಅಂತ ನೋಡ್ತಿದ್ದೀನಿ ಅಷ್ಟೆ” ಎಂದು ಉತ್ತರಿಸಿದ್ದಾರೆ.

ಓಟ ಆರಂಭಿಸುವ ಹೊತ್ತಿಗೆ ಹಸಿರು ಬಾವುಟ ಬೀಸಲ್ಪಡಲಿಲ್ಲ. ಶ್ರೀ ಡೆಲಿಂಜರ್ ಅವರು ಬಾವುಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಗೂಡಿನಿಂದ ಇಳಿದು, ಯಾರ ಅನುಮತಿಯೂ ಇಲ್ಲದೆ ಮೈದಾನವನ್ನು ಅಡ್ಡಹಾಯ್ದು, ಆಂಬುಲೆನ್ಸ್ ಚಾಲಕರಿಗೆ ಏನನ್ನೋ ಹೇಳಿದರು. ಆಂಬುಲೆನ್ಸ್ ಬಿಸಿಲಿಗೆ ಸರಿಯಿತು. ಅಲ್ಲಿಂದ ಅವರು ಬೇಲಿಯ ಹೊರಗೆ, ಕಡಲೆಕಾಯಿ ಅಂಗಡಿಯ ಹಿಂದೆ, ತಿಂಡಿಬುಟ್ಟಿ ಹಿಡಿದು ನಿಂತಿದ್ದ ಮಿಸ್ ವರ್ನೆಲ್ ಅವರ ಬಳಿಗೆ ಹೋದರು. ವಾಹನ ನಿಲುಗಡೆಯ ಕಾವಲುಗಾರರು ಕೇಳಿಸಿಕೊಂಡು ಸಲ್ಲಿಸಿದ ವರದಿ ಹೀಗಿದೆ:

ಬಾವುಟಗಾರರು: “ಮಿಸ್ ವರ್ನೆಲ್, ಒಳಗೆ ಬಂದು ಕೂತ್ಕೊಳ್ಳಿ.”

ಮಿಸ್ ವರ್ನೆಲ್: “ನನಗೆ ಕಕ್ಕಸಿನ ಹಿಂದೆ ಜಾಗ ಕೊಟ್ಟಿದ್ದಾರಲ್ಲೋ. ನೀನು ಯಾಕಪ್ಪಾ ಗೂಡು ಬಿಟ್ಟು ಬಂದೆ? ಕೆಲಸ ಕಳ್ಕೊಳ್ತೀಯ.”

ಬಾವುಟಗಾರರು: “ನೀವು ನಿಮ್ಮ ಜಾಗದಲ್ಲಿ ಕೂರೋವರೆಗೂ ನಾನು ಬೀಸಲ್ಲ.”

ಮಿಸ್ ವರ್ನೆಲ್: “ಯಾಕೆ? ನನ್ನಿಂದ ನಿನಗೇನಾಗ್ಬೇಕು?”

ಬಾವುಟಗಾರರು ಅವರ ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣದತ್ತ ನೋಡಿದರು. ಆಮೇಲೆ, ಈ ಸಲದ ಕಡಲೆಕಾಯಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದರು. ಮಿಸ್ ವರ್ನೆಲ್ ಅವರು ಅವರನ್ನೇ ದಿಟ್ಟಿಸಿ ನೋಡಿ, ಉಪ್ಪು ಸರಿಯಾಗಿಯೇ ಇದೆಯೆಂದು ಹೇಳಿ, ಪೊಟ್ಟಣವನ್ನು ಅವರ ಕೈಗಿತ್ತು, ಒಳಗೆ ಬಂದರು. ಅವರು ಮರದ ಮೆಟ್ಟಿಲು ಹತ್ತಿ ತುದಿಸಾಲು ತಲುಪುವವರೆಗೆ ಇಡೀ ಪ್ರೇಕ್ಷಕ ಸಮುದಾಯ ಎದ್ದು ನಿಂತಿತ್ತು. ಇದಕ್ಕೂ ಯಾರೂ ಅರ್ಜಿ ಸಲ್ಲಿಸಿರಲಿಲ್ಲ. ಅವರು ಕುಳಿತ ಕೂಡಲೇ ಅಲ್ಲಿಂದ, “ಇನ್ನೇನು ನೋಡ್ತಾ ನಿಂತಿದ್ಯೋ ಹಾಯ್ಟ್, ಹತ್ತೋ ಮೇಲೆ, ಕತ್ತಲಾಗುತ್ತೆ” ಎಂಬ ಮಾತು ಕೇಳಿಬಂದಿದ್ದು, ಹಸಿರು ಬಾವುಟ ಬೀಸಲ್ಪಟ್ಟು, ಓಟವು ಎಂದಿನ ವೇಗದಲ್ಲಿ ನಡೆಯಿತು.

10. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಇಲಾಖೆಯು ಎಂದೂ ತಪ್ಪು ಮಾಡುವುದಿಲ್ಲವೆಂಬ ತತ್ವಕ್ಕೆ ಧಕ್ಕೆಯಾಗದಂತೆ, ಈ ಕೆಳಗಿನಂತೆ ಪರಿಷ್ಕೃತ ಆದೇಶ ಹೊರಡಿಸಲಾಗಿದೆ.

(ಅ) ವಶಪಡಿಸಿಕೊಂಡ ಬಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಲಾಗಿ, ಅದು ಹಳದಿ ಬಣ್ಣದ್ದಲ್ಲವೆಂದೂ, ಬಹಳ ಕಾಲ ಒಗೆದು ಮಾಸಿದ ಬಿಳಿಯೆಂದೂ ಈ ಮೂಲಕ ಘೋಷಿಸಲಾಗಿದೆ. ಇದನ್ನು ಒಪ್ಪದ ಸಿಬ್ಬಂದಿಯ ಕಣ್ಣುಗಳನ್ನು ತಪಾಸಣೆಗೆ ಒಳಪಡಿಸಲಾಗುವುದು.

(ಆ) ಹಳದಿಯಲ್ಲದ ಬಟ್ಟೆಯನ್ನು ಬೀಸಿದ್ದು ಏನನ್ನೂ ಬೀಸಿದಂತಲ್ಲ. ಆದ್ದರಿಂದ ಅಂದು ಬೀಸಿದ್ದು ಬಾವುಟವೊಂದೇ. ಒಂದೇ ಇದ್ದಲ್ಲಿ ಮೊದಲು, ಆಮೇಲೆ ಎಂಬ ಪ್ರಶ್ನೆ ಉದ್ಭವಿಸುವುದಿಲ್ಲ. ಆದ್ದರಿಂದ ಹುದ್ದೆ ಬಿಡಬೇಕಾದವರೂ ಇಲ್ಲ, ಆಸನ ಬಿಡಬೇಕಾದವರೂ ಇಲ್ಲ.

(ಇ) ಬಟ್ಟೆಯನ್ನು ಮಿಸ್ ವರ್ನೆಲ್ ಅವರಿಗೆ ಹಿಂದಿರುಗಿಸಲಾಗಿದೆ. ಅವರು ಅದನ್ನು ತಿಂಡಿಬುಟ್ಟಿಯ ಮೇಲೆ ಹೊದಿಸಲು ಮಾತ್ರ ಬಳಸತಕ್ಕದ್ದು. ಬುಟ್ಟಿಯನ್ನು ತಲೆಗಿಂತ ಎತ್ತರದಲ್ಲಿ, ಅವಸರದಿಂದ, ಅತ್ತಿತ್ತ ಹೊದಿಸಬೇಕಾದ ಸಂದರ್ಭ ಬಂದಲ್ಲಿ ಇಲಾಖೆಯ ಅಭ್ಯಂತರವಿರುವುದಿಲ್ಲ.

(ಈ) ಮೂರನೆಯ ತಿರುವಿನ ಕಾವಲು ಹುದ್ದೆಯು ಮೊದಲಿನಂತೆಯೇ ಖಾಲಿ ಇರುತ್ತದೆ. ಆ ಹುದ್ದೆಯ ಕೆಲಸವನ್ನು ಯಾರೂ ಮಾಡುತ್ತಿಲ್ಲ. ಕೆಲಸವು ತೃಪ್ತಿಕರವಾಗಿ ನಡೆಯುತ್ತಿದೆ.

(ಉ) ಆಂಬುಲೆನ್ಸ್ ತಾನಾಗಿಯೇ ಬಿಸಿಲನ್ನು ಆರಿಸಿಕೊಂಡಿದೆಯೆಂದು ಪರಿಗಣಿಸಲಾಗಿದೆ.

(ಊ) ಶ್ರೀ ಡೆಲಿಂಜರ್ ಅವರು ಹಸಿರು ಬಾವುಟ ಬೀಸುವ ಮುನ್ನ ತುದಿಸಾಲಿನತ್ತ ನೋಡುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ನಿಲ್ಲಿಸಲು ಆಗದಿದ್ದಲ್ಲಿ, ಸೂರ್ಯನನ್ನು ನೋಡುತ್ತಿರುವುದಾಗಿ ದಾಖಲಿಸಲಾಗುವುದು.

ಈ ಸುತ್ತೋಲೆಯನ್ನು ಎಲ್ಲರೂ ಕಾಣುವಂತೆ ಬೇಲಿಗೆ ಅಂಟಿಸತಕ್ಕದ್ದು. ಹಿಂದಿನ ಸುತ್ತೋಲೆಯ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟಂತೆ ಇದರಲ್ಲಿ ಕಟ್ಟಿಕೊಡತಕ್ಕದ್ದಲ್ಲ.

ಸಹಿ/-
ಹೆಚ್ಚುವರಿ ಉಪನಿರ್ದೇಶಕರು
(ಹಳದಿ ಮತ್ತು ಇತರೆ ಬಣ್ಣಗಳು)
ತೀರ್ಪು ಮತ್ತು ಸುರಕ್ಷತಾ ಇಲಾಖೆ

ಪ್ರತಿಗಳು:

1. ಎಲ್ಲ ಚಾಲಕರಿಗೆ: ಮುಂದೆ ನೋಡಿ ಓಡಿಸುವ ಸೂಚನೆಯೊಂದಿಗೆ.
2. ಶ್ರೀ ಡ್ವೇನ್ ಹೆಫ್ನರ್ ಅವರಿಗೆ: ಕಿಟಕಿಯ ಬಲೆಯನ್ನು ಇನ್ನು ಮುಂದೆ ಬೇಗ ಇಳಿಸುವಂತೆ ಕೋರಿ.
3. ಕಡಲೆಕಾಯಿ ಅಂಗಡಿಗೆ: ಉಪ್ಪಿನ ಬಗ್ಗೆ ದೂರೇನೂ ಇಲ್ಲವೆಂಬ ಮಾಹಿತಿಗಾಗಿ.
4. ಸೂರ್ಯನಿಗೆ: ಬಟವಾಡೆಯಾಗದೆ ಹಿಂದಿರುಗಿದೆ.
5. ಮಿಸ್ ವರ್ನೆಲ್ ಶೂಫರ್ಡ್ ಅವರಿಗೆ: ಬಟ್ಟೆಯ ಸಮೇತ, ಒಗೆದು ಮಡಿಸಿ. ಮಡಿಸಿದವರು ಯಾರೆಂದು ಕಚೇರಿಯಲ್ಲಿ ಯಾರೂ ಒಪ್ಪಿಕೊಂಡಿರುವುದಿಲ್ಲ.
6. ಶ್ರೀ ಹಾಯ್ಟ್ ಡೆಲಿಂಜರ್, ಮುಖ್ಯ ಬಾವುಟಗಾರರು, ಇವರಿಗೆ: ವಿಚಾರಣೆಯ ಕಡತವನ್ನು ಮುಕ್ತಾಯಗೊಳಿಸಿರುವ ಮಾಹಿತಿಗಾಗಿ. ಅಂದು ತನಗೆ ಕಾರು ಕಾಣಲೇ ಇಲ್ಲವೆಂದೂ, ಮಿಸ್ ವರ್ನೆಲ್ ಅವರ ಬಟ್ಟೆಯನ್ನು ಕಂಡೇ ತಾನು ಬಾವುಟ ಎತ್ತಿದೆನೆಂದೂ ಅವರು ವಿಚಾರಣೆಯಲ್ಲಿ ಹೇಳಲಿಲ್ಲ. ಬೇಲಿಯ ಬಳಿ, ಕೇಳಿದವರಿಗೂ ಹೇಳಲಿಲ್ಲ.